ಮಕ್ಕಳ ಆಟ ಮತ್ತು ಮುಚ್ಚಿದ ಪೆಟ್ಟಿಗೆ

ಮಗ ಮೊಬೈಲ್ ಹಿಡಿದು ಆಟದಲ್ಲಿ ಮುಳುಗಿದಾಗ ನೀವೇನು ಮಾಡುತ್ತೀರಿ? ಕೆಲವು ಹೆತ್ತವರು ಮನೆಯಲ್ಲಿ ಗಲಾಟೆಯಿಲ್ಲವಲ್ಲ ಎಂದು ಸುಮ್ಮನಿರುತ್ತಾರೆ. ಇನ್ನು ಕೆಲವರು ಸಿಟ್ಟಿನಿಂದ ಮೊಬೈಲನ್ನೇ ಕಸಿದುಕೊಳ್ಳುತ್ತಾರೆ. ಆದರೆ ಮಗ ಏನನ್ನು ಆಡುತ್ತಿದ್ದನೆಂದು ಇವರಾರೂ ನೋಡಿರುವುದಿಲ್ಲ.

ಆಟವೇ ತಪ್ಪೇ? ಖಂಡಿತ ಅಲ್ಲ. ಪ್ರವಾದಿ(ಸ)ರು ಹ. ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದು ಹದೀಸ್‌ಗಳಲ್ಲಿ ವರದಿಯಾಗಿದೆ. ಇಸ್ಲಾಮ್ ವಿನೋದದ ಶತ್ರುವಲ್ಲ. ಅದು ನಿಷೇಧಿಸಿರುವುದು ಜೂಜನ್ನು. ಜೂಜು ಮನುಷ್ಯರ ನಡುವೆ ಹಗೆ ಬಿತ್ತುತ್ತದೆ, ದೇವಸ್ಮರಣೆ ಮತ್ತು ನಮಾಝ್‌ನಿಂದ ದೂರ ಸರಿಸುತ್ತದೆ ಎಂದು ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯ ಎಚ್ಚರಿಸುತ್ತದೆ.

ಹಾಗಿದ್ದರೆ ಮಗನ ಫುಟ್ಬಾಲ್ ಆಟದೊಳಗೆ ಜೂಜು ಎಲ್ಲಿಂದ ಬಂತು? ಅನೇಕ ವೀಡಿಯೋ ಗೇಮ್‌ಗಳಲ್ಲಿ ಮುಚ್ಚಿದ ಪೆಟ್ಟಿಗೆಗಳನ್ನು ಮಾರುತ್ತಾರೆ. ಮೊದಲು ಹಣ ಕೊಡಬೇಕು. ಒಳಗಿರುವುದು ಶ್ರೇಷ್ಠ ಆಟಗಾರನೋ ಸಾಮಾನ್ಯನೋ ಎಂಬುದು ತೆರೆದ ಮೇಲಷ್ಟೇ ತಿಳಿಯುತ್ತದೆ. ಶ್ರೇಷ್ಠನು ಸಿಗುವುದು ಅಪರೂಪ. ಆದ್ದರಿಂದ ಮಗು ಇನ್ನೊಂದು, ಮತ್ತೊಂದು ಪೆಟ್ಟಿಗೆ ಕೊಳ್ಳುತ್ತದೆ. 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗವು ಫಿಫಾ 18 ಸೇರಿದಂತೆ ಕೆಲವು ಆಟಗಳ ಇಂತಹ ಪೆಟ್ಟಿಗೆಗಳು ಆ ದೇಶದ ಜೂಜಿನ ಕಾನೂನಿಗೆ ವಿರುದ್ಧವೆಂದು ಹೇಳಿತು.

"ನಾವೂ ಚಿಕ್ಕಂದಿನಲ್ಲಿ ಕ್ರಿಕೆಟಿಗರ ಚಿತ್ರಕ್ಕಾಗಿ ಬಬಲ್‌ಗಮ್ ಕೊಳ್ಳುತ್ತಿದ್ದೆವಲ್ಲ" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅಲ್ಲಿ ಬೇಕಾದ ಚಿತ್ರ ಸಿಗದಿದ್ದರೂ ಕೊಟ್ಟ ಕಾಸಿಗೆ ಬಬಲ್‌ಗಮ್ ಸಿಗುತ್ತಿತ್ತು. ಜೇಬಿನ ಕಾಸು ಮುಗಿದರೆ ಆಸೆಯೂ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಮಾರಾಟವಾಗುವುದು ಅದೃಷ್ಟದ ಆಸೆ. ಅಂಗಡಿ ರಾತ್ರಿಯಿಡೀ ಅಂಗೈಯಲ್ಲೇ ತೆರೆದಿರುತ್ತದೆ. ಹಣ ಹೋಗುವುದು ತಂದೆಯ ಖಾತೆಯಿಂದ. ದುಡಿಯದೆ, ಕಲಿಯದೆ, ಅದೃಷ್ಟದಿಂದಲೇ ದೊಡ್ಡದನ್ನು ಪಡೆಯಬಹುದೆಂಬ ಪಾಠ ಹತ್ತರ ವಯಸ್ಸಿನಲ್ಲೇ ಮನಸ್ಸಿಗೆ ಇಳಿಯುತ್ತದೆ. ನಷ್ಟವಾದ ಹಣಕ್ಕಿಂತಲೂ ಈ ಪಾಠ ಹೆಚ್ಚು ಅಪಾಯಕಾರಿ.

ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿತು. ಆದರೆ ಮಗುವಿನ ಮನಸ್ಸಿಗೆ ಕಾವಲಿರಬೇಕಾದವರು ಹೆತ್ತವರೇ.

ಆದ್ದರಿಂದ ಕಸಿದುಕೊಳ್ಳುವ ಮೊದಲು ಒಮ್ಮೆ ಮಗನ ಬಳಿ ಕುಳಿತುಕೊಳ್ಳಿ. "ಇದನ್ನು ಹೇಗೆ ಆಡುವುದು, ನನಗೂ ಕಲಿಸು" ಎನ್ನಿ. ಆತ ಸಂತೋಷದಿಂದಲೇ ತೋರಿಸುವನು. ಬುದ್ಧಿ ಮತ್ತು ಕೈಚಳಕದ ಆಟವಾದರೆ ಮೆಚ್ಚಿರಿ, ಅದಕ್ಕೊಂದು ಸಮಯ ಗೊತ್ತುಪಡಿಸಿರಿ. ಪೆಟ್ಟಿಗೆ ಕಂಡರೆ ಅದು ಏಕೆ ಸಲ್ಲದೆಂದು ವಿವರಿಸಿರಿ. ಮೊಬೈಲಿನಲ್ಲಿ ಹಣ ಪಾವತಿಯ ದಾರಿ ಮುಚ್ಚಿರಿ. ಅಝಾನ್ ಕೇಳಿದಾಗ ಮೊದಲು ನಿಮ್ಮ ಕೈಯ ಮೊಬೈಲನ್ನು ಕೆಳಗಿಡಿರಿ. ನೀವು ಹೇಳಿದ್ದಕ್ಕಿಂತ ನೀವು ಮಾಡಿದ್ದನ್ನೇ ಮಕ್ಕಳು ಬೇಗ ಕಲಿಯುತ್ತಾರೆ.