ಉಂಡವರ ನಂಬಿಕೆ, ಬಡಿಸಿದವರ ಹೊಣೆ

ಊಟಕ್ಕೆ ಕೂತವರು ಬಡಿಸುವವರನ್ನು ‘ಕೈ ತೊಳೆದಿದ್ದೀರಾ?’ ಎಂದು ಕೇಳುವುದಿಲ್ಲ. ಕೇಳಿದರೆ ಅವಮಾನ ಮಾಡಿದಂತೆ. ಅನ್ನದ ಮುಂದೆ ನಾವೆಲ್ಲ ನಂಬಿಕೆಯಿಂದಲೇ ಕೂರುತ್ತೇವೆ.

2023ರ ಫೆಬ್ರವರಿಯಲ್ಲಿ ಮಂಗಳೂರಿನ ನರ್ಸಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿ ಉಂಡ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ವಾಂತಿ, ಭೇದಿಯಿಂದ ಆಸ್ಪತ್ರೆ ಸೇರಿದರು. ಯಾರೂ ಸಾಯಲಿಲ್ಲ, ಸುದ್ದಿಯೂ ಬೇಗ ತಣ್ಣಗಾಯಿತು. ಅದರ ಹಿಂದಿನ ವರ್ಷ, ಮೇ 1ರಂದು, ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದಿದ್ದ 16ರ ಹುಡುಗಿಯೊಬ್ಬಳು ತೀರಿಕೊಂಡಳು. ಅಸ್ವಸ್ಥರಾದವರಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ಕೇರಳದ ತುಂಬ ಅಂಗಡಿಗಳ ತಪಾಸಣೆ ನಡೆಯಿತು.

ತಪಾಸಣೆಗೆ ಒಂದು ಸಾವೇ ಬೇಕೇ?

ವಿಶ್ವ ಆರೋಗ್ಯ ಸಂಸ್ಥೆಯ 2015ರ ಅಂದಾಜಿನಂತೆ ಕೆಟ್ಟ ಆಹಾರದಿಂದ ಪ್ರತಿವರ್ಷ ಜಗತ್ತಿನಲ್ಲಿ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ. ಅಂದರೆ ಸುಮಾರು 1,400 ಮಂದಿಯಲ್ಲಿ ಒಬ್ಬರು. ಸತ್ತವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಐದು ವರ್ಷದೊಳಗಿನ ಮಕ್ಕಳು. ಒಂದೇ ಪಾತ್ರೆಯ ಊಟ ಉಂಡು ಗಟ್ಟಿ ಮೈಯವರು ಎರಡು ದಿನದಲ್ಲಿ ಎದ್ದು ಓಡಾಡಬಹುದು. ಮಗು, ಮುದುಕರು, ಬಸುರಿ ಹೆಂಗಸರು ಏಳದೆ ಹೋಗಬಹುದು.

ಅಂದಮೇಲೆ ಅಡುಗೆಮನೆಯ ಅಸಡ್ಡೆ ಎರಡು ಕಡೆಯೂ ಒಂದೇ; ಉಂಡವರ ಅದೃಷ್ಟ ಮಾತ್ರ ಬೇರೆ. ಆದರೂ ನಾವು ಒಂದನ್ನು ಅಪರಾಧ ಎನ್ನುತ್ತೇವೆ, ಇನ್ನೊಂದನ್ನು ‘ಹೊಟ್ಟೆ ಕೆಟ್ಟಿತು’ ಎಂದು ಮರೆಯುತ್ತೇವೆ. ಸಾವಿಗೆ ಹೆಚ್ಚು ಅಳುವುದು ಸಹಜ. ಆದರೆ ತಪ್ಪನ್ನು ಸಾವಿನಿಂದಲೇ ಅಳೆದರೆ, ಬದುಕಿ ಉಳಿದವರ ಅದೃಷ್ಟವೇ ತಪ್ಪು ಮಾಡಿದವರಿಗೆ ಕ್ಷಮಾಪತ್ರವಾಗುತ್ತದೆ.

ಹಾಗೆಂದು ಅಡುಗೆಯವನೊಬ್ಬನನ್ನೇ ಕಟಕಟೆಗೆ ಹತ್ತಿಸಿದರೆ ಸಾಕೇ? ಶಿಗೆಲ್ಲಾ ಹರಡುವುದು ಹೆಚ್ಚಾಗಿ ಭೇದಿ ಹಿಡಿದವರ ತೊಳೆಯದ ಕೈಯಿಂದ. ರಜೆ ಹಾಕಿದರೆ ದಿನಗೂಲಿ ಹೋಗುವವನು ಹೊಟ್ಟೆ ಹಿಡಿದುಕೊಂಡೇ ಒಲೆ ಮುಂದೆ ನಿಲ್ಲುತ್ತಾನೆ. ಅವನಿಗೆ ಸೋಪು, ನೀರು, ಸಂಬಳದ ರಜೆ ಕೊಡದ ಮಾಲೀಕನ ಪಾಲು ಇದರಲ್ಲಿದೆ. ಕರಾವಳಿಯ ಸೆಕೆಯಲ್ಲಿ ಮಧ್ಯಾಹ್ನ ಮಾಡಿಟ್ಟಿದ್ದನ್ನು ರಾತ್ರಿ ಬಿಸಿ ಮಾಡಿ ಕೊಟ್ಟರೂ ‘ಅಗ್ಗಕ್ಕೆ ಸಿಕ್ಕಿತಲ್ಲ’ ಎಂದು ಖುಷಿಪಡುವ ನಮ್ಮದೂ ಇದೆ.

ಅನ್ನದ ಋಣ ದೊಡ್ಡದು ಎನ್ನುತ್ತೇವೆ. ಆ ಋಣ ಉಂಡವನ ಮೇಲಷ್ಟೇ ಅಲ್ಲ, ಕಣ್ಣುಮುಚ್ಚಿ ನಂಬಿದವನ ತಟ್ಟೆಗೆ ಬಡಿಸಿದವನ ಮೇಲೂ ಇದೆ. ಯಾರೂ ಸಾಯದ ದಿನವೂ ಅದು ತೀರಿರುವುದಿಲ್ಲ.