ಉಲ್ಮ್ ಪಟ್ಟಣದ ದೇವಾಲಯದ ಅಸ್ತಿವಾರ

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಅಸ್ತಿವಾರದ ವಿಷಯವಾಗಿ ಹೇಳಿದ್ದನ್ನು ನಾವು ಅನೇಕಾವರ್ತಿ ಓದಿರುತ್ತೇವೆ. ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಒಂದು ದೇವಾಲಯವು ಜರ್ಮನಿ ದೇಶದ ಉಲ್ಮ್ ಪಟ್ಟಣದಲ್ಲಿ ಡ್ಯಾನ್ಯೂಬ್ ನದಿಯ ಬಳಿಯಲ್ಲಿದೆ. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗ್ ಅಯ್ಯನವರು ಹುಟ್ಟಿದ ವ್ಯುರ್ಟೆಂಬರ್ಗ್ ಸೀಮೆಯೇ ಅದು.

1376ರಲ್ಲಿ 4ನೆಯ ಕಾರ್ಲ್ ಚಕ್ರವರ್ತಿಯು ಆ ಪಟ್ಟಣಕ್ಕೆ ಮುತ್ತಿಗೆ ಹಾಕಿದನು. ಊರವರ ಹಳೆಯ ದೇವಾಲಯವು ಕೋಟೆಯ ಹೊರಗಿತ್ತು. ಬಾಗಲು ಮುಚ್ಚಿದಾಗ ಆರಾಧನೆಗೆ ದಾರಿಯಿಲ್ಲದೆ ಹೋಯಿತು. ಹೀಗಿರಲಾಗಿ 1377ರ ಜೂನ್ 30ರಂದು ಕೋಟೆಯೊಳಗೆ ಹೊಸ ದೇವಾಲಯಕ್ಕೆ ಕಲ್ಲಿಟ್ಟರು. ವೆಚ್ಚವನ್ನು ಅರಸನಾಗಲಿ ಬಿಷಪನಾಗಲಿ ಹೊರಲಿಲ್ಲ. ಸುಮಾರು 10,000 ಜನರ ಆ ಊರಿನ ವರ್ತಕರೂ ಕಸಬುದಾರರೂ ತಮ್ಮ ಕೈಯಿಂದಲೇ ಕೊಟ್ಟರು. ಹೊರಗಿನಿಂದ ಹಣ ಬಂದ ಮೇಲೆ ಹೆಂಚು ಹೊದಿಸುವೆವೆಂದು ಕಾದಿರುವ ಸಭೆಗಳವರು ಈ ಮಾತನ್ನು ಇನ್ನೊಮ್ಮೆ ಓದಲಿ.

1392ರಿಂದ ಉಲ್ರಿಚ್ ಫಾನ್ ಎನ್ಸಿಂಗೆನ್ ಎಂಬ ಶಿಲ್ಪಿಯು ಕೆಲಸವನ್ನು ನಡಿಸಿ ಬಹು ಎತ್ತರದ ಗೋಪುರವನ್ನು ಯೋಚಿಸಿದನು. ಇದರಲ್ಲಿ ಭಕ್ತಿಯ ಸಂಗಡ ಊರಿನ ಹೆಮ್ಮೆಯೂ ಸೇರಿತ್ತೆಂದು ನಮಗೆ ತೋರುತ್ತದೆ. ಯಾಕಂದರೆ ಪ್ರಾರ್ಥನೆಗೆ ಅಷ್ಟು ಎತ್ತರ ಬೇಕಾಗಿರಲಿಲ್ಲ. 1492ರಲ್ಲಿ, ಆರಾಧನೆಯ ಹೊತ್ತಿನಲ್ಲಿಯೇ, ಗೋಪುರದ ಒಳಕಮಾನಿನಿಂದ ಕಲ್ಲುಗಳು ಕಳಚಿ ಬಿದ್ದವು. ಆಗಿನ ಶಿಲ್ಪಿಯಾದ ಬೋಬ್ಲಿಂಗರನು ಊರು ಬಿಡಬೇಕಾಯಿತು. ಭಾರವು ಮೇಲೆ ಬೆಳೆಯಿತು, ಕೆಳಗಣ ಬಲವೋ ಸಾಲಲಿಲ್ಲ. ಆಗ್ಸ್‌ಬುರ್ಗಿನಿಂದ ಬಂದ ಎಂಗೆಲ್‌ಬರ್ಗ್ ಎಂಬವನು ಬಿರುಕಿಗೆ ಸುಣ್ಣ ಬಳಿಯಲಿಲ್ಲ. ನೆಲವನ್ನು ಅಗೆಯಿಸಿ ಗೋಪುರದ ಅಸ್ತಿವಾರವನ್ನು ಬಲಪಡಿಸಿದನು, ಪಕ್ಕದ ಅಂಕಣಗಳ ನಡುವೆ ಹೊಸ ಕಂಬಗಳನ್ನೂ ನಿಲ್ಲಿಸಿದನು. ಮಣ್ಣಿನೊಳಗಣ ಆ ಕೆಲಸವನ್ನು ನೋಡಿ ಹೊಗಳುವವರು ಯಾರು? ನಾವಾದರೋ ಅಣ್ಣತಮ್ಮಂದಿರ ವ್ಯಾಜ್ಯವನ್ನೂ ಮನೆಯೊಳಗಣ ಕುಡಿತವನ್ನೂ ಹಾಗೆಯೇ ಬಿಟ್ಟು, ಹಬ್ಬದ ದಿನಕ್ಕೆ ಗೋಡೆಗೆ ಬಣ್ಣ ಹಚ್ಚಿಸಿ ಸಭೆಯು ಚೆನ್ನಾಗಿದೆ ಅನ್ನುತ್ತೇವೆ.

1530ರಲ್ಲಿ ಊರವರು ಮತ ಕೊಟ್ಟು ಸುವಾರ್ತಾ ಸುಧಾರಣೆಯನ್ನು ಅಂಗೀಕರಿಸಿದರು. ಮರುವರುಷ ವಿಗ್ರಹಗಳನ್ನೂ ಪೀಠಗಳನ್ನೂ ತೆಗೆದುಹಾಕಿದರು; ಆಗ ಒಳ್ಳೇ ಕೈಕೆಲಸವೂ ಹಾಳಾಯಿತು, ಅದಕ್ಕೆ ನಾವು ಸಂತೋಷಪಡಲಾರೆವು. 1543ರಲ್ಲಿ ಕಟ್ಟಡದ ಕೆಲಸ ನಿಂತಿತು. ಗೋಪುರವು ಸುಮಾರು 100 ಮೀಟರಿಗೆ ಮೊಂಡಾಗಿ ಉಳಿಯಿತು. ಮುನ್ನೂರು ವರುಷ ಹಾಗೆಯೇ! ಆ ಮೊಂಡುಗೋಪುರದ ಕೆಳಗೆ ಮಕ್ಕಳಿಗೆ ದೀಕ್ಷಾಸ್ನಾನವಾಯಿತು, ವಾಕ್ಯವು ಸಾರಲ್ಪಟ್ಟಿತು; ಕಟ್ಟಡವು ಮುಗಿಯಲಿಲ್ಲವೆಂದು ಸಭೆಯು ನಿಲ್ಲಲಿಲ್ಲ.

1844ರಲ್ಲಿ ಕೆಲಸವು ಪುನಃ ಮೊದಲಾಗಿ, 1890ರ ಮೇ ತಿಂಗಳಲ್ಲಿ ಗೋಪುರವು 161 ಮೀಟರಿಗೂ ಮೇಲಾಗಿ ಪೂರ್ಣವಾಯಿತು. ಲೋಕದ ದೇವಾಲಯಗಳಲ್ಲಿ ಅತಿ ಎತ್ತರವೆಂಬ ಹೆಸರು 2025ರಲ್ಲಿ ಬಾರ್ಸೆಲೋನ ಪಟ್ಟಣದ ದೇವಾಲಯಕ್ಕೆ ಹೋಯಿತು, ಹೋಗಲಿ. 1944ರ ದಶಂಬರ 17ರಂದು ಬಾಂಬುಗಳು ಬಿದ್ದು ಸುತ್ತಲಿನ ಹಳೆಯ ಊರೆಲ್ಲಾ ಹೆಚ್ಚುಕಡಿಮೆ ಹಾಳಾದಾಗಲೂ ದೇವಾಲಯವು ನಿಂತೇ ಇತ್ತು. ಅದರ ಕಲ್ಲುಕುಟಿಗರ ಕಾರ್ಖಾನೆಯು ಈಗಲೂ ಮುಚ್ಚಿಲ್ಲ; ಸವೆದ ಕಲ್ಲನ್ನು ತೆಗೆದು ಹೊಸದನ್ನು ಕೂಡಿಸುವ ಕೆಲಸವು ಅಲ್ಲಿ ನಡೆಯುತ್ತಲೇ ಇದೆ.