ಇನ್ನೊಬ್ಬರ ತಾಟು

ಹಂಸಭಾವಿಯಲ್ಲಿ ಬೆಳಗಿನ ಎಂಟರ ಹೊತ್ತಿಗೆ ಯಾವ ಓಣಿಯಲ್ಲಿ ನಡೆದರೂ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಗೋಡೆಯ ಆಚೆಗಿರುವುದು ಲಿಂಗಾಯತರ ಮನೆಯೋ, ಕುರುಬರ ಮನೆಯೋ, ನಮ್ಮ ಸಾಬರ ಮನೆಯೋ ಎಂಬುದು ಆ ಸದ್ದಿನಿಂದ ಗೊತ್ತಾಗುವುದಿಲ್ಲ. ಹಂಚಿನ ಮೇಲೆ ಉಬ್ಬಿದ ಬಿಸಿ ರೊಟ್ಟಿ, ಅದರ ಮೇಲೊಂದಿಷ್ಟು ಬೆಣ್ಣೆ, ಪಕ್ಕಕ್ಕೆ ಗುರೆಳ್ಳು ಚಟ್ನಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಶುಕ್ರವಾರ ನಮ್ಮ ಮನೆಯಲ್ಲಿ ಅದೇ ರೊಟ್ಟಿಯ ಜೊತೆ ಮಟನ್ ಸಾರು. ನಾನು ಅನೇಕ ಊರುಗಳಲ್ಲಿ ಉಂಡಿದ್ದೇನೆ. ಆದರೆ ಹೊಟ್ಟೆ ತುಂಬಿತು ಎಂದು ಮನಸ್ಸು ಹೇಳುವುದು ಈ ಊಟಕ್ಕೆ ಮಾತ್ರ.

ಹಾಗಿದ್ದರೂ ಈ ರೊಟ್ಟಿಯ ಬಗ್ಗೆ ನಮ್ಮ ಮನೆಯಲ್ಲಿ ಒಂದು ಅಳುಕಿತ್ತು. ತಾಯಿಯ ಕಡೆಯ ಕೆಲವು ಬಂಧುಗಳು ಹೈದರಾಬಾದಿನವರು. ಅವರು ಬರುತ್ತಾರೆಂದರೆ ಅಮ್ಮ ರೊಟ್ಟಿಯ ಬುಟ್ಟಿಯನ್ನು ಒಳಕೋಣೆಗೆ ಸಾಗಿಸಿ ಅಕ್ಕಿ ಆರಿಸಲು ಕೂರುತ್ತಿದ್ದಳು. ಅವರ ಲೆಕ್ಕದಲ್ಲಿ ಜೋಳ ಹೊಲದಲ್ಲಿ ದುಡಿಯುವವರ ಆಹಾರ, ಅಕ್ಕಿ ಶರೀಫರ ಆಹಾರ. ಒಮ್ಮೆ ಹುಡುಗನಾದ ನಾನು ಹಸಿವು ತಾಳದೆ ರೊಟ್ಟಿ ಹಿಡಿದುಕೊಂಡು ಪಡಸಾಲೆಗೆ ಬಂದಾಗ ಅವರು ನಕ್ಕರು. ಅಮ್ಮ ತಲೆ ತಗ್ಗಿಸಿದಳು. ನಮ್ಮ ಊಟವನ್ನು ನೋಡಿ ಒಬ್ಬರು ನಕ್ಕರೆ ನಮ್ಮ ಮನೆತನವನ್ನೇ ನೋಡಿ ನಕ್ಕಂತೆ ಎಂಬುದು ಅಂದು ನನಗೆ ತಿಳಿಯಿತು. ಮುಂದೆ ಬೆಂಗಳೂರಿಗೆ ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಹೋಟೆಲುಗಳ ಬೋರ್ಡಿನಲ್ಲಿ ‘ಸೌತ್ ಇಂಡಿಯನ್’ ಎಂದಿರುವ ಕಡೆ ಇಡ್ಲಿ, ದೋಸೆ, ಅನ್ನ, ಸಾಂಬಾರು ಇತ್ತು, ರೊಟ್ಟಿ ಇರಲಿಲ್ಲ. ನಾವು ದಕ್ಷಿಣದವರಾಗಿಯೂ ದಕ್ಷಿಣದ ಊಟದಿಂದ ಹೊರಗಿದ್ದೆವು.

ನಗೆಗೆ ಗುರಿಯಾದವರು ಇನ್ನೊಬ್ಬರನ್ನು ನೋಡಿ ನಗುವುದಿಲ್ಲ ಎಂದು ಓದುಗರು ಭಾವಿಸಬಹುದು. ಹಾಗೇನೂ ಇಲ್ಲ. ಕರಾವಳಿಯ ಕೆಂಪು ಕುಚ್ಚಲಕ್ಕಿಯನ್ನು ಮೊದಲ ಸಲ ಕಂಡಾಗ ‘ಇದನ್ನ ಎಮ್ಮಿಗೆ ಹಾಕ್ತಾರೇನು?’ ಎಂದವರು ನಾವೇ. ಇಲ್ಲಿಂದ ಮುಂದಿನದು ನಾನು ಒಪ್ಪಿಕೊಳ್ಳಬೇಕಾದ ಒಂದು ತಪ್ಪಿನ ಮಾತು.

ಸುಮಾರು ಹತ್ತು ವರ್ಷಗಳ ಹಿಂದೆ ನಮ್ಮ ಮಾಳಿಗೆಯ ಕೋಣೆಯನ್ನು ಕುಂದಾಪುರದ ಕಡೆಯ ಒಬ್ಬ ಯುವಕನಿಗೆ ಬಾಡಿಗೆಗೆ ಕೊಟ್ಟಿದ್ದೆವು. ಬ್ಯಾಂಕಿನ ನೌಕರಿ, ಮೆಲು ಮಾತು, ತಿಂಗಳ ಒಂದನೇ ತಾರೀಕಿಗೆ ತಪ್ಪದೆ ಬಾಡಿಗೆ. ಊರಿಗೆ ಹೋಗಿ ಬರುವಾಗ ಒಂದು ಚೀಲ ಕುಚ್ಚಲಕ್ಕಿ ಮತ್ತು ಹಳೆಯ ಪೇಪರಿನಲ್ಲಿ ಸುತ್ತಿದ ಒಣಮೀನು ತರುತ್ತಿದ್ದ. ಭಾನುವಾರ ಅದನ್ನು ಸುಟ್ಟು, ಗಂಜಿ ಮಾಡಿಕೊಂಡು ಉಣ್ಣುತ್ತಿದ್ದ. ಆ ವಾಸನೆ ಮೆಟ್ಟಿಲಿಳಿದು ನಮ್ಮ ಪಡಸಾಲೆಗೆ ಬರುತ್ತಿತ್ತು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮೂರನೇ ಭಾನುವಾರ ನಾನು ಮಾಳಿಗೆ ಹತ್ತಿದೆ.

‘ನೋಡ್ರಿ, ನಮ್ಮ ಮನ್ಯಾಗ ನಮಾಜು, ಕುರ್‌ಆನು ನಡೀತದ. ಈ ವಾಸನಿ ನಡೆಯೂದಿಲ್ಲ’ ಎಂದೆ.

ಆತ ಕೂಡಲೇ ಒಲೆ ಆರಿಸಿದ. ಮುಂದಿನ ತಿಂಗಳು ಬೇರೆ ಕೋಣೆ ನೋಡಿಕೊಂಡ. ಹೋಗುವಾಗ ಕೀಲಿ ಕೊಡುತ್ತ ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ‘ನಿಮ್ಮಲ್ಲಿ ಮೀನು ಆಗುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ ಸಾರ್, ತಪ್ಪು ತಿಳಿಯಬೇಡಿ.’

ನಮ್ಮಲ್ಲಿ ಮೀನು ಆಗುತ್ತದೆ. ಒಣಮೀನೂ ಆಗುತ್ತದೆ. ಇಸ್ಲಾಮಿನಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಆಗದೇ ಇದ್ದುದು ನನ್ನ ಮೂಗಿಗೆ. ನಾನು ನನ್ನ ಮೂಗಿಗೆ ಧರ್ಮದ ಟೋಪಿ ತೊಡಿಸಿ ಮಾಳಿಗೆಗೆ ಕಳಿಸಿದ್ದೆ. ಆ ಹುಡುಗ ಅದನ್ನು ಧರ್ಮವೆಂದೇ ನಂಬಿ ಕ್ಷಮೆ ಕೇಳಿ ಹೋದ. ನಾನು ಆತನನ್ನು ತಿದ್ದಲಿಲ್ಲ.

ಇದರ ನೋವು ನನಗೆ ಹೊಸದೇನಾಗಿರಲಿಲ್ಲ. ಧಾರವಾಡದಲ್ಲಿ ಓದುವಾಗ ಒಂದು ಕೋಣೆಗಾಗಿ ಅಲೆದಿದ್ದೆ. ಒಬ್ಬ ಮನೆಯೊಡೆಯರು ಕೋಣೆ ತೋರಿಸಿ, ಬಾಡಿಗೆ ಹೇಳಿ, ಕೊನೆಗೆ ನನ್ನ ಹೆಸರು ಕೇಳಿದರು. ಹೆಸರು ಕೇಳಿದ ಮೇಲೆ, ‘ನಾವು ಪಕ್ಕಾ ಸಸ್ಯಾಹಾರಿಗಳು ನೋಡ್ರಿ. ನಿಮಗ ತ್ರಾಸ ಆಗ್ತದ’ ಎಂದರು. ನಾನು ಅಡುಗೆ ಮಾಡಿಕೊಳ್ಳುತ್ತೇನೆಂದು ಹೇಳಿರಲೇ ಇಲ್ಲ, ಖಾನಾವಳಿಯಲ್ಲಿ ಉಣ್ಣುವವನಿದ್ದೆ. ಆ ಅನುಭವವನ್ನು ಮುಂದೆ ಕಥೆಯಾಗಿ ಬರೆದೆ, ಮೆಚ್ಚಿದವರೂ ಇದ್ದರು. ಮಾಳಿಗೆಯ ಹುಡುಗನ ಕಥೆಯನ್ನು ಮಾತ್ರ ಇಷ್ಟು ವರ್ಷ ಬರೆಯಲಿಲ್ಲ. ನಮಗಾದ ಅನ್ಯಾಯ ನಮ್ಮ ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತದೆ. ನಾವು ಮಾಡಿದ್ದು ಬೇಗ ಮರೆಯುತ್ತದೆ.

ಪ್ರಶ್ನೆ ಇದು: ಒಂದು ಆಹಾರ ನನಗೆ ಸೇರುವುದಿಲ್ಲ ಎನ್ನುವುದಕ್ಕೂ ಅದು ಕೆಟ್ಟದ್ದು ಎನ್ನುವುದಕ್ಕೂ ನಡುವೆ ಇರುವ ಅಂತರವನ್ನು ನಾವು ಕಾಯ್ದುಕೊಳ್ಳುತ್ತೇವೆಯೇ?

ಉರ್ದು ಶಾಲೆಯಲ್ಲಿ ಕಲಿತ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಹ. ಮೈಮೂನಾ(ರ)ರ ಮನೆಯಲ್ಲಿ ಊಟಕ್ಕೆ ಮರುಭೂಮಿಯ ಉಡದಂಥ ಒಂದು ಪ್ರಾಣಿಯ ಸುಟ್ಟ ಮಾಂಸವನ್ನು ಬಡಿಸಲಾಗಿತ್ತು. ಪ್ರವಾದಿ(ಸ)ಯವರು ಅದೇನೆಂದು ತಿಳಿದ ಕೂಡಲೇ ಕೈ ಹಿಂದೆಗೆದರು. ಜೊತೆಗಿದ್ದ ಖಾಲಿದ್ ಬಿನ್ ವಲೀದ್(ರ), ಇದು ಹರಾಮೇ ಎಂದು ಕೇಳಿದರು. ಅಲ್ಲ, ಇದು ನನ್ನ ಜನರ ನಾಡಿನಲ್ಲಿ ಇರುವುದಿಲ್ಲ, ಆದ್ದರಿಂದ ನನಗೆ ಒಗ್ಗುವುದಿಲ್ಲ ಎಂಬರ್ಥದ ಉತ್ತರ ಬಂತು. ಖಾಲಿದ್(ರ) ಅದನ್ನು ತಮ್ಮೆಡೆಗೆ ಎಳೆದುಕೊಂಡು ಪ್ರವಾದಿಯವರ ಎದುರಿನಲ್ಲೇ ಉಂಡರು. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ಈ ಪ್ರಸಂಗ ಇದೆ. ಪ್ರವಾದಿಯವರು ಎಂದೂ ಆಹಾರವನ್ನು ಹಳಿಯುತ್ತಿರಲಿಲ್ಲ, ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು ಎಂಬ ವರದಿಯೂ ಅಲ್ಲೇ ಇದೆ.

ಯಾರ ಒಂದು ಮಾತು ಕೋಟ್ಯಂತರ ಜನರಿಗೆ ಕಾನೂನಾಗುತ್ತಿತ್ತೋ ಅವರು ತಮ್ಮ ನಾಲಿಗೆಯ ಇಷ್ಟಾನಿಷ್ಟವನ್ನು ಕಾನೂನು ಮಾಡಲು ಒಪ್ಪಲಿಲ್ಲ. ‘ನನ್ನ ನಾಡಿನಲ್ಲಿ ಇಲ್ಲ’ ಎಂದರು. ಅಷ್ಟು ಪ್ರಾಮಾಣಿಕವಾದ ಒಂದು ವಾಕ್ಯ ಮಾಳಿಗೆಯ ಮೆಟ್ಟಿಲ ಮೇಲೆ ನನಗೆ ಹೊಳೆಯಲಿಲ್ಲ.

‘ನನ್ನ ನಾಡು’ ಎಂಬುದಾದರೂ ಎಷ್ಟು ಸಣ್ಣದು ನೋಡಿ. ನಾನು ಮೂಗು ಮುಚ್ಚಿಕೊಂಡ ಒಣಮೀನು ಬಾಂಗ್ಲಾದೇಶದ ಚಟ್ಟೋಗ್ರಾಮದ ಕಡೆ ‘ಶುಟ್ಕಿ’ ಎಂಬ ಹೆಸರಿನ ಹೆಮ್ಮೆಯ ಅಡುಗೆ. ಶ್ರೀಲಂಕಾದಲ್ಲಿ ಒಣಗಿಸಿದ ಮಾಲ್ಡೀವ್ಸ್ ಮೀನನ್ನು ಕುಟ್ಟಿ ಹಾಕದಿದ್ದರೆ ಅನೇಕ ಪಲ್ಯಗಳಿಗೆ ರುಚಿಯೇ ಇಲ್ಲ. ನಮ್ಮೂರ ಶಿವರಾತ್ರಿ ಉಪವಾಸದ ಹಬ್ಬ. ಕಾಶ್ಮೀರಿ ಪಂಡಿತರ ಅನೇಕ ಮನೆಗಳಲ್ಲಿ ಅದೇ ಶಿವರಾತ್ರಿಗೆ ಮಾಂಸ, ಮೀನಿನ ಅಡುಗೆಯಾಗುತ್ತದೆ. ಬಂಗಾಳದ ಬ್ರಾಹ್ಮಣರಿಗೆ ಮೀನಿಲ್ಲದ ಮದುವೆ ಮದುವೆಯೇ ಅಲ್ಲ. ನಮ್ಮಲ್ಲೂ ಹಾಗೆಯೇ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು; ಸಿಗಡಿ ಅವರಿಗೆ ನಿಸ್ಸಂಶಯವಾಗಿ ಹಲಾಲ್. ಒಳನಾಡಿನ ನಾವು ಹನಫಿಗಳು; ಸಿಗಡಿಯ ವಿಷಯದಲ್ಲಿ ನಮ್ಮ ವಿದ್ವಾಂಸರಲ್ಲೇ ಎರಡು ಅಭಿಪ್ರಾಯಗಳಿವೆ. ಆದರೂ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡುತ್ತೇವೆ.

ಕಾಲದಲ್ಲಿ ಹಿಂದೆ ಹೋದರೂ ಕಥೆ ಇದೇ. ನಮ್ಮ ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ಬರೆಸಿದ. ಅದರಲ್ಲಿ ಇಡ್ಲಿಯ ಪೂರ್ವಜನಂಥ ತಿಂಡಿಯೂ ಇದೆ, ಹಂದಿ, ಆಮೆ, ಹೊಲದ ಇಲಿಗಳ ಮಾಂಸದ ಅಡುಗೆಯೂ ಇದೆ. ಇಂದು ‘ನಮ್ಮ ಸಂಸ್ಕೃತಿಯ ಆಹಾರ’ ಎಂದು ಭಾಷಣ ಮಾಡುವವರು ಆ ಅರಮನೆಯಲ್ಲಿ ಉಪವಾಸ ಬೀಳಬೇಕಾದೀತು, ನಾನೂ ಬೀಳುತ್ತಿದ್ದೆ. ಆದರೆ ಆ ಅರಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, 1498ರ ಈಚೆಗೆ. ನೆರೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಪಡಬೇಕಾದದ್ದೇ. ನಮ್ಮ ಹೊಲಗಳಲ್ಲಿ ಜೋಳವನ್ನು ಹಿಂದೆ ತಳ್ಳಿದ ಗೋವಿನಜೋಳವೂ ಅದೇ ಖಂಡದ್ದು. ಬಂದ ನೆಂಟನನ್ನು ಮನೆಯವನನ್ನಾಗಿ ಮಾಡಿಕೊಂಡದ್ದೇ ನಮ್ಮ ಅಡುಗೆಯ ಚರಿತ್ರೆ.

ಹಾಗಾದರೆ ಎಲ್ಲವೂ ಬರೀ ಅಭ್ಯಾಸವೇ, ಹಲಾಲ್-ಹರಾಮ್ ಎಂಬುದಕ್ಕೆ ಅರ್ಥವಿಲ್ಲವೇ ಎಂದು ಕೇಳಬಹುದು. ಅರ್ಥವಿದೆ. ನಾನು ಹಂದಿಮಾಂಸ ತಿನ್ನುವುದಿಲ್ಲ. ಪಕ್ಕದ ಮನೆಯ ಜಂಗಮರು ಮೊಟ್ಟೆ ಮುಟ್ಟುವುದಿಲ್ಲ. ಇವು ನಾವು ನಂಬಿ ಒಪ್ಪಿಕೊಂಡ ಕಟ್ಟಳೆಗಳು. ಆದರೆ ಕಟ್ಟಳೆ ಇರುವುದು ನನ್ನ ತಾಟಿಗೆ. ಉಪವಾಸದ ಪುಣ್ಯ ಉಪವಾಸ ಮಾಡಿದವನಿಗೆ. ಇನ್ನೊಬ್ಬನ ಅನ್ನ ಕಸಿದು ನಾನು ಉಪವಾಸ ಮಾಡಿದೆನೆಂದರೆ ದೇವರು ಮೆಚ್ಚುತ್ತಾನೆಯೇ?

ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿಣವಾದದ್ದು. ತಾಟು ಅವನದಾದರೂ ವಾಸನೆ ನನ್ನ ಮನೆಗೆ ಬರುತ್ತದಲ್ಲ? ಒಂದೇ ಸೂರಿನಡಿ ಇರುವಾಗ ನನ್ನ ಕಷ್ಟವನ್ನು ಹೇಳಿಕೊಳ್ಳಬಾರದೇ? ಹೇಳಿಕೊಳ್ಳಬಹುದು. ಹಸಿ ಬೆಳ್ಳುಳ್ಳಿ ತಿಂದು ಆ ವಾಸನೆಯೊಡನೆ ಮಸೀದಿಗೆ ಬರಬೇಡಿ ಎಂದು ಪ್ರವಾದಿ(ಸ)ಯವರೇ ಹೇಳಿದ್ದಾರೆ. ಬೆಳ್ಳುಳ್ಳಿ ನಿಷಿದ್ಧವಾಯಿತೆಂದು ಜನ ಗುಲ್ಲೆಬ್ಬಿಸಿದಾಗ, ಅಲ್ಲಾಹನು ಅನುಮತಿಸಿದ್ದನ್ನು ನಿಷೇಧಿಸುವ ಅಧಿಕಾರ ನನಗಿಲ್ಲ, ವಾಸನೆ ನನಗೆ ಹಿಡಿಸುವುದಿಲ್ಲ ಅಷ್ಟೆ ಎಂದು ಸ್ಪಷ್ಟಪಡಿಸಿದ್ದಾರೆ. ನೆರೆಹೊರೆಯ ಮರ್ಯಾದೆ ಬೇರೆ, ಧರ್ಮದ ತೀರ್ಪು ಬೇರೆ. ಮರ್ಯಾದೆಯ ಮಾತಾದರೆ ಅದು ಎರಡೂ ಕಡೆಯಿಂದ ನಡೆಯಬೇಕು. ‘ಕಿಟಕಿ ತೆಗೆದು ಸುಡಪ್ಪ, ಅಮ್ಮಗ ವಾಸನಿ ತಡಿಯೂದಿಲ್ಲ’ ಎಂದು ಕೇಳಬಹುದಿತ್ತು. ಹಿತ್ತಲಲ್ಲಿ ಒಂದು ಒಲೆ ಹಾಕಿಕೊಡಬಹುದಿತ್ತು. ನಾನು ಏನನ್ನೂ ಕೊಡದೆ ಬರೀ ಬೇಡವೆಂದೆ. ಮನೆ ನನ್ನದಾಗಿತ್ತು, ಹೋಗಬೇಕಾದವನು ಅವನಾಗಿದ್ದ. ಯಾರ ಕೈಯಲ್ಲಿ ಕೀಲಿ ಇರುತ್ತದೋ ಅವರ ಅಸಹ್ಯವೇ ನಿಯಮವಾಗುತ್ತದೆ. ಆದ್ದರಿಂದ ಕೀಲಿ ಇರುವವರು ಅಸಹ್ಯಪಡುವುದಕ್ಕೆ ಮುಂಚೆ ಎರಡು ಸಲ ಯೋಚಿಸಬೇಕು.

ಈ ವಿಷಯದಲ್ಲಿ ನನ್ನ ಅಮ್ಮ ನನಗಿಂತ ದೊಡ್ಡವಳು ಎಂದು ಈಗ ಅನ್ನಿಸುತ್ತದೆ, ಮೂಗು ಮುಚ್ಚಿಕೊಂಡಿದ್ದರೂ. ರಂಜಾನ್ ಹಬ್ಬಕ್ಕೆ ನಮ್ಮ ಮನೆಯಿಂದ ಶೀರ್ ಖುರ್ಮಾ ಓಣಿಗೆಲ್ಲ ಹೋಗುತ್ತಿತ್ತು. ನಮ್ಮ ಒಲೆಯ ಮೇಲೆ ಬೆಂದದ್ದನ್ನು ಉಣ್ಣದವರ ಮನೆಗೆ ಮಾತ್ರ ಶ್ಯಾವಿಗೆ, ಸಕ್ಕರೆ, ಖರ್ಜೂರ, ಗೋಡಂಬಿಯನ್ನು ಹಾಗೆಯೇ ಒಂದು ಬುಟ್ಟಿಯಲ್ಲಿಟ್ಟು ಕಳಿಸುತ್ತಿದ್ದಳು. ಕಾಲೇಜಿಗೆ ಹೋಗುತ್ತಿದ್ದ ನಾನು ಸಿಟ್ಟಿಗೆದ್ದು ಕೇಳಿದ್ದೆ: ನಮ್ಮ ಕೈಯ ಅಡುಗೆ ಬೇಡ ಎನ್ನುವವರಿಗೆ ಇದನ್ನಾದರೂ ಯಾಕೆ ಕಳಿಸುತ್ತೀ? ಆಕೆ ಹೇಳಿದ್ದು: ‘ಅವರ ಕಟ್ಟಳೆ ಅವರಿಗೆ. ನನ್ನ ಹಬ್ಬ ಅವರ ಮನೆಗೂ ಮುಟ್ಟಬೇಕಲ್ಲ.’ ಶೀಗಿ ಹುಣ್ಣಿಮೆಗೆ ಅದೇ ಮನೆಯವರು ನಮ್ಮನ್ನು ಹೊಲಕ್ಕೆ ಕರೆಯುತ್ತಿದ್ದರು. ಚರಗ ಚೆಲ್ಲಿದ ಮೇಲೆ ಎಲ್ಲರಿಗೂ ಒಂದೇ ಕಂಬಳಿ, ಒಂದೇ ಬುಟ್ಟಿ. ಬುಟ್ಟಿಯೊಳಗಿನ ಬೇಯದ ಶ್ಯಾವಿಗೆಯಲ್ಲಿ ಒಂದು ನೋವು ಇತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಮ್ಮ ಆ ನೋವನ್ನು ಬಾಗಿಲು ಮುಚ್ಚಲು ಬಳಸಲಿಲ್ಲ.

ನಮ್ಮ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ಮತ್ತು ರಾಗಿ ಜಗಳವಾಡುವುದನ್ನು ಹೇಳಿದ್ದಾರೆ. ಉಳ್ಳವರ ಧಾನ್ಯವಾದ ಭತ್ತ ಬಡವರ ರಾಗಿಯನ್ನು ಹೀಯಾಳಿಸುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ಧಾನ್ಯದ ನೆಪದಲ್ಲಿ ನಡೆದದ್ದು ಮನುಷ್ಯರ ಮೇಲುಕೀಳಿನ ವಿಚಾರಣೆ ಎಂಬುದು ಓದಿದವರಿಗೆಲ್ಲ ಗೊತ್ತು. ಐದು ಶತಮಾನ ಕಳೆದರೂ ಆ ವಿಚಾರಣೆ ಮುಗಿದಿಲ್ಲ. 2021ರಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮಳಿಗೆಗಳಿಗೆ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧಿಸಿದಾಗ ದೊಡ್ಡ ಚರ್ಚೆಯಾಯಿತು. ಮೊಟ್ಟೆಯ ವಿಷಯದಲ್ಲಿ ಸರಕಾರ ಕಂಡುಕೊಂಡ ದಾರಿ ಸರಳವಾಗಿತ್ತು: ತಿನ್ನುವ ಮಗುವಿಗೆ ಮೊಟ್ಟೆ, ತಿನ್ನದ ಮಗುವಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಮಕ್ಕಳು ಅಕ್ಕಪಕ್ಕದಲ್ಲಿ ಕೂತು ತಮ್ಮತಮ್ಮದನ್ನು ತಿಂದು ಆಟಕ್ಕೆ ಹೋಗುತ್ತಾರೆ. ಅವರಿಗೆ ತಿಳಿದದ್ದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಈಚೆಗೆ ಒಂದು ಕಾರ್ಯಕ್ರಮಕ್ಕೆಂದು ಕುಂದಾಪುರಕ್ಕೆ ಹೋಗಿದ್ದೆ. ಬಸ್‌ ನಿಲ್ದಾಣದ ಸಮೀಪದ ಸಣ್ಣ ಹೋಟೆಲಿನಲ್ಲಿ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಕೇಳಿ ಉಂಡೆ. ಬಹಳ ರುಚಿಸಿತು ಎಂದರೆ ಸುಳ್ಳಾದೀತು. ಆದರೆ ಕೊನೆಯ ಹೊತ್ತಿಗೆ ವಾಸನೆ ಎಂಬುದು ವಾಸನೆಯಾಗಿ ಉಳಿದಿರಲಿಲ್ಲ. ಮಳೆಗಾಲದಲ್ಲಿ ಕಡಲಿಗಿಳಿಯಲಾಗದ ತಿಂಗಳುಗಳಿಗೆಂದು ಯಾರೋ ಬಿಸಿಲಿನಲ್ಲಿ ಕೂತು ಒಣಗಿಸಿಟ್ಟ ಊಟವಾಗಿತ್ತು. ನಮ್ಮ ಮನೆಯಲ್ಲಿ ಬೇಸಗೆಯಲ್ಲಿ ಶ್ಯಾವಿಗೆ, ಹಪ್ಪಳ ಒಣಗಿಸುವುದೂ ಇದಕ್ಕೇ ಅಲ್ಲವೇ?

ಆ ಹುಡುಗ ಈಗ ಎಲ್ಲಿದ್ದಾನೋ. ಅವನ ಹಳೆಯ ಫೋನ್ ನಂಬರು ಬಾಡಿಗೆಯ ಪುಸ್ತಕದಲ್ಲಿದೆ. ನಮ್ಮಲ್ಲಿ ಮೀನು ಆಗುತ್ತದೆ, ಅಂದು ಆಗದಿದ್ದುದು ನನಗೆ ಮಾತ್ರ ಎಂದು ಹೇಳಬೇಕಾಗಿದೆ. ಇದನ್ನು ಬರೆದು ಮುಗಿಸಿದ ಮೇಲೆ ಫೋನ್ ಮಾಡಬೇಕೆಂದಿದ್ದೇನೆ.